ಶರಣವ್ವ ತಪ್ಪಾಗಿ ಹೇಳುವ ಶೆಟ್ಲೆಂಡ್

ಬೆಳಕು ಹರಿಯುವ ಹೊತ್ತಿಗೆ ಹೊರಮಾವಿನಿಂದ ಬಸ್ಸು ಹಿಡಿದು ಬಂದ ಶರಣವ್ವ, ಪುಲಿಕೇಶಿನಗರದ ಹಳೆಯ ಹೆಂಚಿನ ಮನೆಯಲ್ಲಿ ಆಂಗ್ಲೋ-ಇಂಡಿಯನ್ ಮುದುಕಿ ಮೇಬಲ್ ಅಮ್ಮನ ತಲೆ ಬಾಚುತ್ತಿದ್ದಾರೆ. ಬಾಚುತ್ತಲೇ ಒಂದು ಸುಳ್ಳು ಹೇಳುತ್ತಾರೆ.

"ನಿಮ್ಮಜ್ಜನ ಊರು ಶೆಟ್ಲೆಂಡಿನಾಗ ಕಾಡು ಭಾಳ ದಟ್ಟ ಅಂತಲ್ರೀ ಅಮ್ಮಾ?"

ಮುದುಡಿ ಕೂತಿದ್ದ ಜೀವ ನೆಟ್ಟಗಾಗುತ್ತದೆ. "ಕಾಡೆಲ್ಲಿದೆ ಮ್ಯಾನ್? ಆ ಗಾಳಿಗೆ ಮರಾನೇ ನಿಲ್ಲಲ್ಲ! ಎಷ್ಟು ಸಲ ಹೇಳೋದು ನಿಂಗೆ?"

ಶರಣವ್ವನಿಗೆ ಬೇಕಾಗಿದ್ದುದು ಆ ಬೈಗುಳವೇ.

ಶೆಟ್ಲೆಂಡ್ ಎಂದರೆ ಸ್ಕಾಟ್ಲೆಂಡಿನ ಉತ್ತರ ತುದಿಯ ದ್ವೀಪಗಳು. ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಪೂರ್ತಿ ಕತ್ತಲಾಗುವುದಿಲ್ಲ, ಕುದುರೆ ಆಳಿನ ಸೊಂಟಕ್ಕಿಂತ ಎತ್ತರ ಬೆಳೆಯುವುದೇ ಅಪರೂಪ. ಮೇಬಲ್ ಅಮ್ಮ ಅದನ್ನು ಕಂಡವರಲ್ಲ, ಅಜ್ಜನ ಬಾಯಲ್ಲಿ ಕೇಳಿದವರು. ಪಿಯಾನೊ ಕಲಿಸುತ್ತಿದ್ದ ಅವರಿಗೀಗ ಮರೆವಿನ ಕಾಯಿಲೆ. ತಂಗಿಯ ಹೆಸರೂ ಹೋಗಿದೆ. ಉಳಿದಿರುವುದು ಆ ದ್ವೀಪಗಳಷ್ಟೇ.

ಶರಣವ್ವ ಲಿಂಗಸುಗೂರು ಕಡೆಯವರು. ಗಂಡನ ಗಾರೆ ಕೆಲಸದ ಹಿಂದೆ ಬೆಂಗಳೂರಿಗೆ ಬಂದು, ಅಪಾರ್ಟ್‌ಮೆಂಟುಗಳಲ್ಲಿ ನೆಲ ಒರೆಸಿ, ಆರು ವರ್ಷದಿಂದ ಈ ಮನೆಯಲ್ಲಿ ಆರೈಕೆಗೆ ನಿಂತಿದ್ದಾರೆ. ತಪ್ಪು ಹೇಳುವ ಉಪಾಯ ಅವರಿಗೆ ಅಜ್ಜಿಯಿಂದ ಬಂದದ್ದು ಎಂದು ನೋಡಲು ಬಂದ ನನಗೆ ಹೇಳುತ್ತಾರೆ. "ವಚನ ಹಾಡೋವಾಗ ಬೇಕಂತನ ಒಂದು ಮಾತು ತಪ್ಪಸ್ತಿದ್ಲು. ನಾವು ಹುಡುಗ್ರು ಹಿಡೀಬೇಕು. ಹಿಡಿದ್ರ ಬೆಲ್ಲ."

ಆದರೆ ಮೊದಮೊದಲು ಅಮ್ಮನ ಮಾತನ್ನು ಅವರೇ ನಂಬಿರಲಿಲ್ಲವಂತೆ. "ಚಳಿಗಾಲದ ಹಬ್ಬಕ್ಕ ಹಡಗು ಕಟ್ಟಿ ಸುಡ್ತಾರ ಅಂದ್ರು. ಅಷ್ಟು ಚಂದ ಕಟ್ಟಿ ಯಾರಾರ ಸುಡ್ತಾರೇನ್ರೀ? ನನ್ನ ಮಗಳು ಫೋನಿನಾಗ ವಿಡಿಯೋ ತೋರ್ಸಿದ್ಲು. ಖರೇನ ಸುಡ್ತಾರ, ಮಂದಿ!"

ಜಡೆ ಹೆಣೆಯುತ್ತಾ ಈಗ ಆ ಹಬ್ಬದ ಸರದಿ. "ಅಮ್ಮಾ, ಹಡಗು ಕಟ್ಟಿ ಸಮುದ್ರಕ್ಕ ತೇಲಿ ಬಿಡ್ತಾರಂತಲ್ರೀ?"

"ಹೌದಾ?" ಎನ್ನುತ್ತಾರೆ ಮೇಬಲ್ ಅಮ್ಮ, ಗುರುತಿಲ್ಲದವರೊಡನೆ ಮಾತಾಡುವಷ್ಟು ಮರ್ಯಾದೆಯಿಂದ. "ಒಳ್ಳೇದು."

ಶರಣವ್ವನ ಕೈ ನಿಲ್ಲುತ್ತದೆ. ಮುಂದೆ ಬಂದು ನೆಲದ ಮೇಲೆ ಕೂತು, ಆ ಎಲುಬು ಕಾಣುವ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಳ್ಳುತ್ತಾರೆ.

"ಇಲ್ಲಮ್ಮಾ, ನಾ ತಪ್ಪು ಹೇಳ್ದೆ. ಸಮುದ್ರಕ್ಕ ಬಿಡಂಗಿಲ್ಲ. ಪಂಜು ಹಿಡಕೊಂಡು ಊರೆಲ್ಲಾ ಮೆರೆಸಿ, ಬೆಂಕಿ ಹಚ್ತಾರ."

"ಹಡಗು ಸುಡ್ತಾರಾ? ಸುಮ್ನಿರು ಮ್ಯಾನ್!"

"ಖರೇನ್ರೀ. ನಿಮ್ಮಜ್ಜ ನೋಡ್ಯಾರ. ನೀವ ಹೇಳೀರಿ ನನಗ."

ಮೇಬಲ್ ಅಮ್ಮ ಮಗುವಿನಂತೆ ಬಾಯಿ ತೆರೆದು ಕೇಳುತ್ತಾರೆ.

ನನ್ನನ್ನು ಬೀಳ್ಕೊಡಲು ಗೇಟಿನವರೆಗೆ ಬಂದ ಶರಣವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ತಿದ್ದೋರು ಮರೆತ ಮ್ಯಾಲ ತಪ್ಪು ಹೇಳಬಾರದ್ರೀ. ತಪ್ಪ ಉಳ್ಕೊಂಡು ಬಿಡ್ತೈತಿ. ಇನ್ಮ್ಯಾಲ ಹಬ್ಬದ್ದು ಸರಿಯಾಗೇ ಹೇಳ್ತೀನಿ. ಉಳದದ್ದು ತಪ್ಪು ಹೇಳಿ ಇನ್ನೊಂದೀಟು ದಿನ ಬೈಸ್ಕೊಬೇಕಂತ ಆಸೆ, ಅಷ್ಟ."