ಹಿನ್ನೀರಿನ ಕೆಸರಿಗೆ ಎತ್ತಿದ ಜೀಪು

೧೯೯೭ರಲ್ಲಿ, ಏಳನೇ ಇಯತ್ತೆಗೆ ನನ್ನ ಓದು ನಿಂತಿತು. ಮುಧೋಳದ ಗ್ಯಾರೇಜುಗಳಲ್ಲಿ ಮೈಮುರಿದು ದುಡಿದೆ. ಯಾರ ಹಂಗೂ ಇಲ್ಲದೆ ಜಮಖಂಡಿ ರಸ್ತೆಗೆ ಸ್ವಂತ ತಗಡಿನ ಶೆಡ್ಡು ಹಾಕಿದೆ.

ಒಂದು ಬೇಸಿಗೆ ಬೀಳಗಿ ಕಡೆಯ ರೈತರೊಬ್ಬರು ಹಳೆಯ ಜೀಪು ತಂದರು. ಅವರ ಊರು ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ನೀರು ಇಳಿದಾಗಷ್ಟೇ ಮನೆಯ ಪಾಯ ಕಾಣುತ್ತಿತ್ತು. ಮೊಣಕಾಲು ಸೋತ ಅವರ ತಾಯಿಗೆ ಅದನ್ನೊಮ್ಮೆ ಮುಟ್ಟುವ ಆಸೆ. ಆದರೆ ದಾರಿಯ ಕೆಸರಿಗೆ ಜೀಪಿನ ಹೊಟ್ಟೆ ತಾಗುತ್ತಿತ್ತು.

"ಮಳಿ ಹಿಡಿಯೂದರಾಗ ಎತ್ತಿ ಕೊಡ್ರಿ," ಎಂದರು.

ನಮ್ಮದು ಕಬ್ಬಿನ ಸೀಮೆ. ಟ್ರೇಲರು ಕುಸಿದರೆ ಪಾಟಾಕ್ಕೆ, ಅಂದರೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟಿಗೆ, ಇನ್ನೆರಡು ಪಟ್ಟಿ ಸೇರಿಸುವುದೇ ಇಲ್ಲಿಯ ಮದ್ದು. ಜೀಪಿಗೂ ಅದನ್ನೇ ಮಾಡಿದೆ. ಹಿಂಭಾಗ ಎದ್ದು, ಮೊಲದ ವಾಸನೆ ಹಿಡಿದ ಬೇಟೆನಾಯಿಯ ಹಾಗೆ ನಿಂತಿತು. ನನಗೋ ಹಿಗ್ಗು. ರೈತರ ಜೊತೆ ಬಂದಿದ್ದ ಅವರ ತಾಯಿಯನ್ನು ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹೊರಟೆವು.

"ಏನಪಾ ಮಿಸ್ತ್ರಿ, ಜೀಪ ಮಾಡೀಯೋ, ಖಾರ ಕುಟ್ಟೂ ಒಳ್ಳ ಮಾಡೀಯೋ? ಇರೂವು ನಾಕ ಹಲ್ಲ, ಅವೂ ಉದುರ್ತಾವ!" ಹಿಂದಿನಿಂದ ಅಜ್ಜಿ ಕೂಗಿದಳು.

"ಸುಮ್ಮ ಕುಂದ್ರಬೇ ಯವ್ವಾ," ಎಂದರು ಮಗ.

"ನೀ ಸುಮ್ಮಿರಲೇ. ಮನಿ ನೋಡಾಕ ಹೊಂಟೇನಿ, ಮಸಣಕ್ಕಲ್ಲ."

ವೇಗ ಹೆಚ್ಚಿದಂತೆ ಕಾಲಡಿಯಲ್ಲಿ ಬನಹಟ್ಟಿಯ ಮಗ್ಗ ಓಡಿದಂಥ ನಡುಕ ಎದ್ದಿತು. ಶೆಡ್ಡಿಗೆ ಮರಳಿ ಜೀಪಿನ ಕೆಳಗೆ ಅಂಗಾತ ಮಲಗಿದೆ. ತಗಡಿನ ತೂತುಗಳಿಂದ ಬಿಸಿಲು ನೀರಿನಂತೆ ಇಳಿಯುತ್ತಿತ್ತು. ಜೀಪಿನಡಿಯ ತಂಪಿನಲ್ಲಿ ನಾನೇ ಹಿನ್ನೀರಿನ ತಳದಲ್ಲಿರುವಂತೆ ಅನ್ನಿಸಿತು. ನೋಡುತ್ತಾ ನೋಡುತ್ತಾ ತಿಳಿಯಿತು. ಟ್ರೇಲರಿನ ಮೇಲೆ ಕಬ್ಬಿನ ಭಾರವಿರುತ್ತದೆ, ಪಟ್ಟಿ ಬಾಗುತ್ತದೆ. ಇಲ್ಲಿ ಇರುವುದು ಒಬ್ಬ ಮುದುಕಿಯ ಭಾರ, ಪಟ್ಟಿ ಬಾಗದೆ ಏಟೆಲ್ಲ ಸೀಟಿಗೇ ಬರುತ್ತದೆ. ಮೇಲಾಗಿ, ಗಾಲಿಗಳನ್ನು ತಿರುಗಿಸುವ ಶಾಫ್ಟು ವಿಪರೀತ ಇಳಿಜಾರಾಗಿತ್ತು, ಆ ನಡುಕ ಅದರದೇ. ಗಿಡ್ಡ ಶಾಕ್ ಅಬ್ಸಾರ್ಬರುಗಳು ಬಿಗಿದ ಹಗ್ಗದಂತೆ ಎಳೆದು ನಿಂತಿದ್ದವು.

ಸೇರಿಸಿದ ಪಟ್ಟಿಗಳನ್ನು ಬಿಚ್ಚಿದೆ. ಹಳೆಯವನ್ನೇ ಕಮ್ಮಾರನ ಕೈಯಲ್ಲಿ ಹೆಚ್ಚು ಬಾಗಿಸಿ ತಂದೆ. ಮಗ್ಗದ ಬಿಡಿಭಾಗ ಮಾಡುವ ಬನಹಟ್ಟಿಯ ಲೇಥಿನವನಿಂದ ಕಬ್ಬಿಣದ ಬೆಣೆ ಮಾಡಿಸಿ, ಪಾಟಾ ಮತ್ತು ಗಾಲಿಯ ಅಚ್ಚಿನ ನಡುವೆ ಕೂರಿಸಿ, ಶಾಫ್ಟಿನ ಮೂತಿ ಮೇಲೆತ್ತಿದೆ. ಉದ್ದದ ಶಾಕ್ ಅಬ್ಸಾರ್ಬರು ಹಾಕಿದೆ.

ಮೋಡ ಕಟ್ಟುವ ಮೊದಲೇ ಮೂವರೂ ಆ ಮುಳುಗಿದ ಊರಿಗೆ ಹೋದೆವು. ಬಿರಿದ ಕೆಸರು, ಬಿಳಿ ಚಿಪ್ಪುಗಳು, ದೂರದಲ್ಲಿ ಹೊಳೆಯುವ ನೀರು. ಜೀಪು ದೋಣಿಯಂತೆ ತೂಗಿತು. ಅಜ್ಜಿ ಪಾಯದ ಕಲ್ಲಿನ ಮೇಲೆ ಅಂಗೈ ಇಟ್ಟು, "ಇಲ್ಲೇ ಒಲಿ ಇತ್ತು," ಎಂದಳು. ಬರುವಾಗ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಅವಳು ಏಳದಂತೆ ಮಗ ಮೆಲ್ಲಗೆ ನಡೆಸಿದರು.

ಆಮೇಲೆ ಬೀಳಗಿ ಕಡೆಯ ಜೀಪುಗಳು ನನ್ನನ್ನೇ ಹುಡುಕಿ ಬಂದವು. ಈಗ ನನಗೆ ಎರಡು ಶೆಡ್ಡು, ಒಂದು ವೆಲ್ಡಿಂಗ್ ಮಷಿನ್ನು, ನಾಲ್ವರು ಕೆಲಸದವರು, ಒಂದು ಸ್ವಂತ ಜೀಪು.