ಖಾಲಾರ ತೋರುಬೆರಳು

ರಂಜಾನ್ ಹಬ್ಬದ ದಿನ ಅಂಗೈ ತುಂಬ ಮೆಹಂದಿ ಇದ್ದರೂ ಹಮೀದಾ ಖಾಲಾರ ತೋರುಬೆರಳಿನ ಉಗುರಲ್ಲಿ ಕಪ್ಪು ಮಣ್ಣು ಇದ್ದೇ ಇರುತ್ತಿತ್ತು. ಸುರಕುಂಬಾ ಪಾಯಸದ ಬಟ್ಟಲು ಕೊಡುವಾಗ ನನ್ನ ಕಣ್ಣು ಅಲ್ಲಿಗೆ ಹೋಗುವುದನ್ನು ಕಂಡು, "ಏನ್ ನೋಡ್ತಿ ಬೇಟಿ? ಕೈ ತೊಳದೀನಿ. ಇದು ಹೋಗೂದಲ್ಲ," ಎಂದು ನಗುತ್ತಿದ್ದರು.

ಶಹಾಪುರದಲ್ಲಿ ಅವರ ಮನೆಯ ಮೇಲಿನ ಎರಡು ಕೋಣೆಗಳಲ್ಲಿ ನಾವು ಬಾಡಿಗೆಗಿದ್ದೆವು. ನಾನು ದೋರನಹಳ್ಳಿ ಶಾಲೆಯ ಟೀಚರು. ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಖಾಲಾ ಹಿಂದೆ ಬಳೆ ಅಂಗಡಿ ನಡೆಸಿದವರು. ಬಂದವರ ಕೈ ಒಮ್ಮೆ ಅಮುಕಿ ಅಳತೆ ಹೇಳುತ್ತಿದ್ದರಂತೆ. ಅಂಗಡಿ ಬಿಟ್ಟ ಮೇಲೆ ಅಮುಕುವ ಚಾಳಿ ಕುಂಡಗಳ ಕಡೆ ತಿರುಗಿತು. ನಡುಮನೆಯ ನೆರಳಲ್ಲಿ ಮನಿಪ್ಲಾಂಟು, ತೂತು ತೂತು ಎಲೆಯ ಮಾನ್‌ಸ್ಟೆರಾ, ಬಾಗಿಲ ಪಕ್ಕ ಕೆಂಪು ಹೂವಿನ ಆಂಥೂರಿಯಂ. ಎಲ್ಲವೂ ಮಳೆಕಾಡಿನ ಜಾತಿ. ಹೈದರಾಬಾದಿನಿಂದ ಬಸ್ಸಿನಲ್ಲಿ ಖಾಲಾರ ತೊಡೆಯ ಮೇಲೆ ಕೂತು ಬಂದವು. ಬೆಳಗಿನ ಚಹಾಕ್ಕೆ ಮುಂಚೆ ಅವರ ಬೆರಳು ಒಂದೊಂದು ಕುಂಡದಲ್ಲೂ ಎರಡನೇ ಗೆಣ್ಣಿನವರೆಗೆ ಇಳಿಯುತ್ತಿತ್ತು. ತುದಿಗೆ ಹಸಿ ಹತ್ತಿದರೆ, "ಇವತ್ತು ನಕ್ಕೊ, ಬ್ಯಾಡ," ಎಂದು ಗಿಡಕ್ಕೇ ಹೇಳಿ ಮುಂದೆ ಹೋಗುತ್ತಿದ್ದರು. ಒಣಗಿದ್ದರೆ ತಳದ ತೂತಿನಿಂದ ಹರಿಯುವಷ್ಟು ನೀರು. ಅರೆಬರೆ ಕೊಡುವುದು ಅವರಿಗೆ ಗೊತ್ತೇ ಇರಲಿಲ್ಲ.

ಅವರು ಕೊಟ್ಟ ಮನಿಪ್ಲಾಂಟಿಗೆ ನಮ್ಮ ಯಜಮಾನರು ಎರಡೂ ಹೊತ್ತು ನೀರು ಹಾಕಿದರು. ನಮ್ಮ ಕಡೆಯ ಬಿಸಿಲಿಗೆ ಯಾರಾದರೂ ಹಾಗೇ ಮಾಡುತ್ತಾರೆ. ಎಲೆ ಹಳದಿಯಾಯಿತು, ಇನ್ನಷ್ಟು ಹಾಕಿದರು. ಖಾಲಾ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದವರೇ ಕುಂಡಕ್ಕೆ ಬೆರಳು ಚುಚ್ಚಿ ಯಜಮಾನರ ಮೂಗಿಗೆ ಹಿಡಿದರು.

"ಮೂಸ್ರಿ ಸರ. ಬೇರು ಕೊಳತಾವ. ನೀರಿಲ್ದಾಗೂ ಬಾಡ್ತದ, ನೀರು ಹೆಚ್ಚಾದಾಗೂ ಬಾಡ್ತದ. ಗಿಡದ ಮಾರಿ ಎರಡಕ್ಕೂ ಒಂದಾ. ಬಿಸಲು ನೋಡಿ ಹಾಕಬ್ಯಾಡ್ರಿ, ಮಣ್ಣು ಕೇಳಿ ಹಾಕ್ರಿ."

ಅಂದಿನಿಂದ ಯಜಮಾನರು ಚೊಂಬು ಹಿಡಿದು ಕುಂಡದ ಹತ್ತಿರ ಹೋದರೆ ನಾನೊಮ್ಮೆ ಕೆಮ್ಮಿದರೆ ಸಾಕಾಗುತ್ತಿತ್ತು.

ಬಾಗಿಲ ಪಕ್ಕದ ಆಂಥೂರಿಯಂಗೆ ಮಾತ್ರ ಬೇರೆಯದೇ ಗಂಡಾಂತರ. ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ನೀರು. ನಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವ ಊರಲ್ಲಿ ಕುಡಿದು ಉಳಿದದ್ದನ್ನು ಯಾರೂ ಚೆಲ್ಲುವುದಿಲ್ಲ; ಏಳುವಾಗ ಹತ್ತಿರದ ಕುಂಡಕ್ಕೆ ಬಗ್ಗಿಸುತ್ತಾರೆ. ಬಂದವರ ಮರ್ಯಾದೆಯಿಂದಲೇ ಅಲ್ಲಿನ ಹಿಂದಿನ ಗಿಡ ಸತ್ತಿತ್ತು. ಖಾಲಾರ ಮಗಳು ನಸ್ರೀನಳನ್ನು ನೋಡಲು ಸುರಪುರದಿಂದ ಗಂಡಿನ ಕಡೆಯವರು ಬಂದ ದಿನ, ಹುಡುಗನ ತಂದೆ ಹೊರಡುವಾಗ ಅರ್ಧ ಲೋಟ ನೀರನ್ನು ಆಂಥೂರಿಯಂ ಮೇಲೆ ಎತ್ತಿದರು. ಖಾಲಾ ಓಡಿ ಬಂದು ಅವರ ಮಣಿಕಟ್ಟು ಹಿಡಿದೇಬಿಟ್ಟರು.

"ಭಾಯಿಸಾಬ್, ನಕ್ಕೊ! ಅದು ನಿನ್ನೇನಾ ಕುಡದದ!"

ನಸ್ರೀನಳ ಮುಖ ಬಿಳಚಿತು. ಸಂಬಂಧ ಮುರಿಯಿತೆಂದೇ ನಾನು ತಿಳಿದೆ. ಆ ಹಿರಿಯರು ಖಾಲಾರನ್ನೂ ಗಿಡವನ್ನೂ ನೋಡಿ ಜೋರಾಗಿ ನಕ್ಕು, ನಿಂತಲ್ಲೇ ನೀರು ಪೂರ್ತಿ ಕುಡಿದರು. "ಗಿಡಾನ ಇಷ್ಟು ಜ್ವಾಕಿ ಮಾಡಾಕಿ ಮಗಳನ್ನ ಹ್ಯಾಂಗ ಬೆಳಸಿರಬೇಕು!" ಎಂದರು. ಮದುವೆಯಾಯಿತು.

ಕೆಲವು ವರ್ಷ ಕಳೆದು ಒಂದು ಬೇಸಿಗೆಯಲ್ಲಿ ಖಾಲಾರ ಕಾಲು ಬಾತವು. ಮೂತ್ರಪಿಂಡಗಳು ಸೋತಿವೆ, ನೀರು ಅಳತೆಯಲ್ಲೇ ಕುಡಿಯಬೇಕು, ಹೆಚ್ಚಾದರೆ ಉಸಿರಿಗೇ ಕುತ್ತು ಎಂದರು ಡಾಕ್ಟರು. ಅವರು ಖಾಲಾರ ಮೊಳಕಾಲ ಕೆಳಗೆ ಬೆರಳೊತ್ತಿ ತೆಗೆದರೆ ಕುಳಿ ಹಾಗೇ ನಿಲ್ಲುತ್ತಿತ್ತು. ಖಾಲಾರಿಗೆ ನಗು ತಡೆಯಲಾಗಲಿಲ್ಲ. "ನೋಡು ಬೇಟಿ, ಡಾಕ್ಟರ್‌ಸಾಬ್‌ನೂ ನನ್ನಂಗಾ ಬೆರಳು ಒತ್ತಿ ನೋಡಾಕತ್ತಾರ!"

ನೋಡಲು ಬಂದವರಿಗೆ ಇದು ತಿಳಿಯುತ್ತಿರಲಿಲ್ಲ. "ಪಾಪ, ತುಟಿ ಒಣಗ್ಯಾವ," ಎಂದು ಒಬ್ಬರು ಲೋಟ ಹಿಡಿದರೆ, ಇನ್ನೊಬ್ಬರು ಮೆಕ್ಕಾದಿಂದ ತಂದ ಜಮ್‌ಜಮ್ ನೀರಿನ ಬಾಟಲಿ ತೆಗೆಯುತ್ತಿದ್ದರು. ತಾಯಿಯ ಆರೈಕೆಗೆ ಬಂದಿದ್ದ ನಸ್ರೀನ್ ಮಡಕೆಯನ್ನೇ ಒಳಕೋಣೆಗೆ ಸಾಗಿಸಿ ಬಾಗಿಲಲ್ಲಿ ಕಾವಲು ಕೂತಳು.

ಒಂದು ಸಂಜೆ ನಸ್ರೀನ್ ನಮಾಜಿಗೆ ಎದ್ದಾಗ ಖಾಲಾ ನನ್ನ ಸೆರಗು ಹಿಡಿದರು. "ಬೇಟಿ, ಒಂದು ಗುಟುಕು."

ಆ ದಿನದ ಪಾಲು ಮುಗಿದಿತ್ತು. ಅವರ ತುಟಿ ಸಿಪ್ಪೆ ಎದ್ದಿತ್ತು. ಕಿಟಕಿಯಲ್ಲಿದ್ದ ಲೋಟದ ಕಡೆ ನನ್ನ ಕೈ ಹೋಯಿತು. ಖಾಲಾ ಅದನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಎದ್ದು ಕೂತು, ಬಗ್ಗಿ, ಅದೇ ತೋರುಬೆರಳನ್ನು ತಮ್ಮ ಕಾಲಿಗೆ ಒತ್ತಿದರು. ಕುಳಿ ನಿಂತಿತು.

"ಇನ್ನಾ ಹಸಿ ಅದ," ಎಂದರು. "ನಾಳಿ ನೋಡೋಣು."

ನಾನು ಸೆರಗಿನ ತುದಿ ಒದ್ದೆ ಮಾಡಿ ಅವರ ತುಟಿ ಒರೆಸಿದೆ. ಮೇಲೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಹೆತ್ತ ತಾಯಿಗೂ ನಾನು ಹಾಗೆ ಅತ್ತಿಲ್ಲ. ಮರುದಿನ ಬೆಳಿಗ್ಗೆ ಕೆಳಗೆ ನಸ್ರೀನಳ ಕೂಗು ಕೇಳಿಸಿತು.

ಖಾಲಾ ಹೋದ ಸುದ್ದಿ ಕೇಳಿ ಮಾತಾಡಿಸಲು ಬಂದವರಿಂದ ನಡುಮನೆ ತುಂಬಿತ್ತು. ವಾರವಿಡೀ ಎಲ್ಲರಿಗೂ ನಾನೇ ನೀರು ಕೊಟ್ಟೆ. ಆಶ್ಚರ್ಯವೆಂದರೆ ಒಬ್ಬರೂ ಕುಂಡಕ್ಕೆ ಬಗ್ಗಿಸಲಿಲ್ಲ. ಬಾಗಿಲ ಹತ್ತಿರ ಲೋಟ ಎತ್ತಿದ ಕೈ ತಡೆದು, ಖಾಲಾರ ಖಾಲಿ ಮಂಚದ ಕಡೆ ನೋಡಿ, ಉಳಿದದ್ದನ್ನು ಕುಡಿದೇ ಹೋಗುತ್ತಿದ್ದರು. ಕೊನೆಯ ದಿನ ಕೊನೆಗೆ ಎದ್ದವರು ನಸ್ರೀನಳ ಮಾವ, ಆ ಸುರಪುರದ ಹಿರಿಯರು. ಆಂಥೂರಿಯಂ ಎಲೆಗಳು ಜೋತು ಬಿದ್ದಿದ್ದವು. ಅವರು ಲೋಟವನ್ನು ಅರ್ಧಕ್ಕೆ ಎತ್ತಿ ನನ್ನ ಕಡೆ ತಿರುಗಿದರು.

"ಟೀಚರಮ್ಮ, ನೀವು ನೋಡ್ರಿ. ಈಗ ಹಾಕಬೌದೇನ್ರಿ?"

ನಾನು ಬೆರಳು ಎರಡನೇ ಗೆಣ್ಣಿನವರೆಗೆ ಇಳಿಸಿದೆ. ಮಣ್ಣು ಪುಡಿಪುಡಿಯಾಗಿತ್ತು.

"ಹಾಕ್ರಿ ಭಾಯಿಸಾಬ್," ಎಂದೆ. "ಪೂರ್ತಿ ಹಾಕ್ರಿ."