ದಿಬ್ಬದ ಮೇಲೆ ಸುತ್ತಿದ ಟವಲ್ಲು

ಇಂಥ ಸಂಗತಿಗಳನ್ನು ಬೇರೆಯವರು ಹೇಳುವಾಗ ಅರ್ಧದಲ್ಲೇ ತಡೆದು ಪ್ರಶ್ನೆ ಕೇಳುವವನು ನಾನು. ಬೆಳಕು ಎಷ್ಟಿತ್ತು? ಹಿಂದಿನ ದಿನ ಸರಿಯಾಗಿ ನಿದ್ದೆ ಮಾಡಿದ್ದಿರಾ? ಜೊತೆಗಿದ್ದವರೂ ನೋಡಿದರೇ? ಇಷ್ಟಕ್ಕೇ ಹೆಚ್ಚಿನ ಕಥೆಗಳು ಮೆತ್ತಗಾಗುತ್ತವೆ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ, ಅಪರೂಪದ್ದು ಬೇರೆ, ಅಸಾಧ್ಯವಾದದ್ದು ಬೇರೆ ಎಂದು ಹುಡುಗರಿಗೆ ಹೇಳಿ ಹೇಳಿ ಗಂಟಲು ಒಣಗಿದೆ. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ಓದುತ್ತಾ ನಿಮಗೆ ಹುಟ್ಟುವ ಅನುಮಾನಗಳೆಲ್ಲ ನನಗೂ ಹುಟ್ಟಿವೆ. ಕೆಲವು ಇನ್ನೂ ಹಾಗೇ ಇವೆ.

ಮೊದಲು ಅಪ್ಪನ ವಿಷಯ ಹೇಳಬೇಕು. ಹಲಸೂರಿನಿಂದ ಆಚೆ ಒಂದು ಸಣ್ಣ ಗಾಲ್ಫ್ ಮೈದಾನವಿದೆ, ಒಂಬತ್ತು ಹೋಲ್‌ಗಳದ್ದು. ನಮ್ಮಪ್ಪ ಮುನಿಯಪ್ಪ ಅಲ್ಲಿ ಆಗೇವಾಲ ಆಗಿದ್ದ. ದಂಡು ಪ್ರದೇಶದ ಮಾತು ಅದು. ಆಟಗಾರನ ಚೀಲ ಹೊರುವವನು ಕ್ಯಾಡಿ. ಮುಂದೆ ಹೋಗಿ ದೂರದಲ್ಲಿ ನಿಂತು, ಬರುವ ಚೆಂಡು ಎಲ್ಲಿ ಬಿತ್ತೆಂದು ನೋಡಿ ಸನ್ನೆ ಮಾಡುವವನು ಆಗೇವಾಲ. ಎರಡು ಕೈ ಅಗಲಿಸಿದರೆ ಚೆಂಡು ಸರಿಯಾದ ಜಾಗದಲ್ಲಿದೆ ಎಂದು ಅರ್ಥ. ಒಂದು ಕೈ ಪಕ್ಕಕ್ಕೆ ಆಡಿಸಿದರೆ ಪೊದೆಗೆ ಹೋಯಿತೆಂದು. ಆದರೆ ಒಂದೇ ಹೊಡೆತಕ್ಕೆ ಚೆಂಡು ನೇರ ಗುಳಿಗೆ ಬಿದ್ದರೆ ಮಾಡುವ ಸನ್ನೆ ಅಪ್ಪನದೇ ಸ್ವಂತದ್ದು: ತಲೆಗೆ ಸುತ್ತಿದ ಟವಲ್ಲು ಬಿಚ್ಚಿ, ಎಡಗೈಯಲ್ಲಿ ಹಿಡಿದು ಗಿರಗಿರನೆ ಬೀಸಿ, ಕೊನೆಗೆ ಅದನ್ನು ಹೆಗಲಿಗೆ ಎಸೆದುಕೊಳ್ಳುವುದು.

ಅದನ್ನು ನಾನು ಮೈದಾನದಲ್ಲಿ ಕಣ್ಣಾರೆ ಕಂಡಿರಲಿಲ್ಲ. ಮನೆಯಲ್ಲಿ ಮಾಡಿ ತೋರಿಸುತ್ತಿದ್ದ. ಅವ್ವ, "ಸಾಕ್ ಬಿಡ್ರೀ, ಫ್ಯಾನಿಗ್ ಸಿಕ್ಕಾಕ್ಕೊಂಡಾತು" ಎಂದು ರೇಗುತ್ತಿದ್ದಳು.

ಕ್ಲಬ್ಬಿನ ವರಾಂಡದಲ್ಲಿ ಒಂದು ಮರದ ಹಲಗೆ ಇದೆ. ಹೀಗೆ ಒಂದೇ ಹೊಡೆತಕ್ಕೆ ಗುಳಿ ಸೇರಿಸಿದವರ, ಅಂದರೆ ಹೋಲ್ ಇನ್ ಒನ್ ಹೊಡೆದವರ, ಹೆಸರನ್ನು ಅದರ ಮೇಲೆ ಬಂಗಾರದ ಬಣ್ಣದಲ್ಲಿ ಬರೆಸುತ್ತಾರೆ. ಅದಕ್ಕೊಂದು ನಿಯಮ: ಯಾರಾದರೂ ನೋಡಿರಬೇಕು. ಒಬ್ಬನೇ ಆಡಿ, ಒಬ್ಬನೇ ಹೊಡೆದು, ಒಬ್ಬನೇ ಕುಣಿದರೆ ಲೆಕ್ಕಕ್ಕಿಲ್ಲ. ಆ ಹಲಗೆಯ ಹಳೆಯ ಹೆಸರುಗಳಲ್ಲಿ ಬಹುಪಾಲು ಅಪ್ಪನ ಮಾತಿನ ಮೇಲೆ ಏರಿದವು. "ಮುನಿ ನೋಡಿದಾನಾ? ಹಾಗಾದ್ರೆ ಬರೀರಿ" ಎನ್ನುತ್ತಿದ್ದರಂತೆ. ಬೀಳದ ಚೆಂಡನ್ನು ಬಿತ್ತು ಎಂದು ಅಪ್ಪ ಯಾವತ್ತೂ ಹೇಳಲಿಲ್ಲ. ಹಾಗೆ ಹೇಳು ಎಂದು ದೊಡ್ಡ ಮನುಷ್ಯರೊಬ್ಬರು ಒತ್ತಾಯಿಸಿದಾಗ, ಅವರ ಮುಂದೆಯೇ ಟವಲ್ಲನ್ನು ತಲೆಗೆ ಇನ್ನೂ ಬಿಗಿಯಾಗಿ ಸುತ್ತಿಕೊಂಡನಂತೆ. ಈ ಕಥೆಯನ್ನು ಅವನು ಹೇಳುವಾಗ ನೋಡಬೇಕಿತ್ತು. ಎದೆ ಒಂದಿಂಚು ಮುಂದೆ ಬರುತ್ತಿತ್ತು.

ನಾನು ಮೇಷ್ಟ್ರಾದ ಮೇಲೆ, ಅಪ್ಪನನ್ನು ಬಲ್ಲ ಹಿರಿಯ ಸದಸ್ಯರು ಮುಂದೆ ನಿಂತು ನನ್ನನ್ನು ಸದಸ್ಯನನ್ನಾಗಿ ಮಾಡಿಸಿದರು. ಅಪ್ಪನಿಗೆ ಆಗಿನಿಂದ ಒಂದೇ ಆಸೆ. "ಆ ಹಲ್ಗೆ ಮೇಲೆ ನಿನ್ ಹೆಸ್ರು ಬರ್ಬೇಕು ಕಣೋ. ನಿನ್ ಹೆಸ್ರು ಬಂದ್ರೆ ಮುಂದ್ಗಡೆ ನಾನೂ ಇರ್ತೀನಲ್ಲ." ನನ್ನ ಹೆಸರಿನ ಮುಂದಿನ ಇನಿಷಿಯಲ್ ಅವನದು. ಆಮೇಲೆ ಅವನು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ. ಗೋಡೆ ಹಿಡಿದು ಬಾಗಿಲವರೆಗೆ ಬರುವುದೇ ಪ್ರಯಾಣವಾಯಿತು. ಆಸೆ ಮಾತ್ರ ಹಾಗೇ ಇತ್ತು. ಪ್ರತಿ ಭಾನುವಾರ ನಾನು ಆಡಿ ಬಂದರೆ, "ಬಿತ್ತಾ?" ಎಂದು ಕೇಳುತ್ತಿದ್ದ. "ಇಲ್ಲಪ್ಪ" ಎನ್ನುತ್ತಿದ್ದೆ.

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ನಾನೂ ನನ್ನ ಗೆಳೆಯ ಅನ್ವರನೂ ಆಡುತ್ತಿದ್ದೆವು. ಮಂಜು ದಟ್ಟವಾಗಿತ್ತು. ಆರನೆಯ ಹೋಲ್‌ನಲ್ಲಿ ಅನ್ವರನ ಚೆಂಡು ಲಂಟಾನ ಪೊದೆ ಸೇರಿತು. "ಹೊಸಾ ಚೆಂಡು ಗುರು, ಬಿಟ್ ಬರಲ್ಲ ನಾನು. ನೀನ್ ಹೋಗ್ತಿರು" ಎಂದು ಕೋಲಿನಿಂದ ಪೊದೆ ಬಡಿಯುತ್ತಾ ನಿಂತ. ನಾನು ಏಳನೆಯದಕ್ಕೆ ನಡೆದೆ.

ಏಳನೆಯದು ಕಡಿಮೆ ದೂರದ ಹೋಲ್. ಆದರೆ ಹೊಡೆಯುವ ಜಾಗದಿಂದ ಗುಳಿ ಕಾಣುವುದಿಲ್ಲ. ನಡುವೆ ದಿಬ್ಬ, ದಿಬ್ಬದ ಮೇಲೊಂದು ಹೊಂಗೆ ಮರ. ಅದರ ಬುಡವೇ ಅಪ್ಪನ ಜಾಗವಾಗಿತ್ತು. ಅಲ್ಲಿಂದ ಎರಡೂ ಕಡೆ ಕಾಣುತ್ತದೆ. ಈಗ ಆಗೇವಾಲರ ಪದ್ಧತಿಯೇ ಇಲ್ಲ, ಅಲ್ಲಿ ಯಾರೂ ನಿಲ್ಲುವುದಿಲ್ಲ.

ಹೊಡೆದೆ. ಚೆಂಡು ಮಂಜಿನೊಳಗೆ ಹೋಯಿತು. ಕೈಗೆ ಹೊಡೆತದ ಭಾರವೇ ತಿಳಿಯಲಿಲ್ಲ. ಚೆನ್ನಾಗಿ ತಾಕಿದಾಗ ಹಾಗಾಗುತ್ತದೆ. ತಲೆ ಎತ್ತಿದರೆ ಹೊಂಗೆ ಮರದ ಕೆಳಗೆ ಒಬ್ಬ ಮನುಷ್ಯ ನಿಂತಿದ್ದ. ಮುಖ ಕಾಣುತ್ತಿರಲಿಲ್ಲ, ಆಕಾರ ಮಾತ್ರ. ಅವನು ಬೆನ್ನು ತಿರುಗಿಸಿ ಆಚೆ ನೋಡಿದ. ಮತ್ತೆ ನನ್ನ ಕಡೆ ತಿರುಗಿದ. ತಲೆಯಿಂದ ಬಿಳಿ ಬಟ್ಟೆಯೊಂದನ್ನು ಎಳೆದು, ಎಡಗೈಯಲ್ಲಿ ಬೀಸಿ, ಹೆಗಲಿಗೆ ಎಸೆದುಕೊಂಡ.

ನನಗೆ ಭಯವಾಗಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಇಂಥ ಕಡೆ ಭಯವಾಯಿತು ಎಂದು ಬರೆಯುವುದು ವಾಡಿಕೆ. ನನಗೆ ಆದದ್ದು ಖುಷಿ. ಓಡಿದೆ. ದಿಬ್ಬ ಹತ್ತಿದಾಗ ಮರದ ಕೆಳಗೆ ಯಾರೂ ಇರಲಿಲ್ಲ. ಹುಲ್ಲಿನ ಮೇಲೆ ಇಬ್ಬನಿ ಬಿಳಿಯಾಗಿ ಹರಡಿತ್ತು. ಇಬ್ಬನಿಯ ಮೇಲೆ ಯಾರು ನಡೆದರೂ ಹಸಿರು ಹೆಜ್ಜೆ ಮೂಡುತ್ತದೆ. ಅಲ್ಲಿ ನನ್ನ ಹೆಜ್ಜೆ ಬಿಟ್ಟರೆ ಬೇರೆ ಕಾಣಲಿಲ್ಲ. ಕೆಳಗೆ ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ ಮಾತ್ರ ಒಂದು ಗೆರೆ ಇತ್ತು. ಚೆಂಡು ಗುಳಿಯ ಎಡಕ್ಕೆ ಬಿದ್ದು, ಒಂದು ಸಲ ಪುಟಿದು, ಕುಡುಗೋಲಿನಂತೆ ಬಾಗಿ ಉರುಳಿದ ಗೆರೆ. ಗುಳಿಯೊಳಗೆ ನನ್ನ ಚೆಂಡು.

ಅನ್ವರ್ ಬರುವಷ್ಟರಲ್ಲಿ ನಾನು ಸಂಭ್ರಮದಲ್ಲಿ ಅಲ್ಲೆಲ್ಲ ಓಡಾಡಿ ಗೆರೆಯನ್ನು ಅಳಿಸಿಹಾಕಿದ್ದೆ. ಅವನು ಗುಳಿ ನೋಡಿದ, ನನ್ನನ್ನು ನೋಡಿದ. "ಯಾರ್ ನೋಡಿದ್ರು ಮಗಾ?"

"ದಿಬ್ಬದ ಮೇಲೆ ಒಬ್ರಿದ್ರು."

"ಯಾರು?"

ನಾನು ದಿಬ್ಬದ ಕಡೆ ತಿರುಗಿ ನೋಡಿದೆ. ಅನ್ವರ್ ನಕ್ಕ. "ಸಾಕ್ಷಿ ಇಲ್ದಿದ್ರೆ ಹಲಗೆ ಇಲ್ಲ ಗುರು. ನಾನು ನೋಡ್ದೆ ಅಂತ ಬೇಕಾದ್ರೆ ಹೇಳ್ತೀನಿ. ಸ್ವೀಟ್ ಬದಲು ಬಿರಿಯಾನಿ ಕೊಡಿಸ್ಬೇಕು, ಅಷ್ಟೇ."

ಬೇಡ ಎಂದೆ. ಮುನಿಯಪ್ಪನ ಮಗನ ಹೆಸರು ಸುಳ್ಳು ಸಾಕ್ಷಿಯ ಮೇಲೆ ಆ ಹಲಗೆ ಏರುವುದು ಹೇಗೆ? ಮೈದಾನದ ಮಾಲಿಗಳನ್ನು ವಿಚಾರಿಸಿದೆ. ಆ ಹೊತ್ತಿಗೆ ದಿಬ್ಬದ ಕಡೆ ಯಾರೂ ಹೋಗಿರಲಿಲ್ಲ. ಯಾರಿಗೂ ಏನೂ ಹೇಳುವುದಿಲ್ಲ ಎಂದು ತೀರ್ಮಾನಿಸಿ ಮನೆಗೆ ಹೊರಟೆ.

ನಮ್ಮ ಮನೆ ಗರುಡಾಚಾರ್‌ಪಾಳ್ಯದಲ್ಲಿ. ಟಿನ್ ಫ್ಯಾಕ್ಟರಿ ಹತ್ತಿರ ಎಂದಿನಂತೆ ಬಸ್ಸುಗಳ ಮಧ್ಯೆ ಸಿಕ್ಕಿಕೊಂಡು ತಲುಪುವಾಗ ಬಿಸಿಲೇರಿತ್ತು. ಅಪ್ಪ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ. ಅವನು "ಬಿತ್ತಾ?" ಎಂದು ಕೇಳಲಿಲ್ಲ. "ಪೇಡ ಎಲ್ಲೋ?" ಎಂದ.

"ಯಾವ ಪೇಡ?"

"ಏನ್ ಆಟ ಆಡ್ತೀಯಾ? ಎಡಗಡೆ ಬಿದ್ದು, ಒಂದ್ ಪುಟ ಎದ್ದು, ಹಂಗೇ ತಿರಿಕ್ಕೊಂಡು ಒಳಗೋಯ್ತಲ್ಲ. ಬರೀ ಕೈಲಿ ಬಂದಿದ್ದೀಯ."

ಅವ್ವನನ್ನು ಕೇಳಿದೆ. ಬೆಳಿಗ್ಗೆಯಿಂದ ಅಪ್ಪ ಕುರ್ಚಿ ಬಿಟ್ಟು ಎದ್ದಿಲ್ಲ ಎಂದಳು. "ಕಾಫಿ ಕೊಡು ಅಂತ ಕೇಳಿದ್ರು. ತಂದಿಟ್ರೆ ಮುಟ್ಲಿಲ್ಲ. ಬೀದಿ ಕಡೆ ನೋಡ್ಕೊಂಡೇ ಕೂತಿದ್ರು, ಕಾಫಿ ಆರೋಯ್ತು." ಮಂಜಿಗೆ ತೇವವಾಗಿದೆಯೇ ಎಂದು ತಂತಿಯ ಮೇಲಿದ್ದ ಅಪ್ಪನ ಟವಲ್ಲನ್ನು ಮುಟ್ಟಿ ನೋಡಿದೆ. ಒಣಗಿತ್ತು. ಮುಟ್ಟಿ ನೋಡಿದೆನಲ್ಲ ಎಂಬುದೇ ನನಗೆ ಈಗಲೂ ನಾಚಿಕೆ.

ಇಲ್ಲಿ ನನ್ನ ಹೆಂಡತಿ ಸುಮಾಳ ಮಾತನ್ನೂ ಸೇರಿಸದಿದ್ದರೆ ತಪ್ಪಾಗುತ್ತದೆ. ಅವಳ ಪ್ರಕಾರ, ನಾನು ಕ್ಲಬ್ಬಿನಿಂದಲೇ ಫೋನ್ ಮಾಡಿದ್ದೆ. "ಎಡಗಡೆ ಬಿತ್ತು, ತಿರುಗ್ತು ಅಂತ ನೀವೇ ಕೂಗ್ತಾ ಇದ್ರಲ್ರೀ. ಮಾವನಿಗೂ ಕೇಳ್ಸಿರುತ್ತೆ" ಎನ್ನುತ್ತಾಳೆ. ಫೋನ್ ಮಾಡಿದ ನೆನಪು ನನಗೆ ಸ್ವಲ್ಪವೂ ಇಲ್ಲ. ಆದರೆ ನೆನಪಿಲ್ಲ ಎಂಬುದು ಮಾಡಿಲ್ಲ ಎಂಬುದಕ್ಕೆ ಪುರಾವೆಯಲ್ಲ. ಹಾಗೆಯೇ, ಮನೆಯಲ್ಲಿ ಅಷ್ಟು ಸಲ ನೋಡಿದ್ದ ಸನ್ನೆಯನ್ನು ಆ ಮಂಜಿನಲ್ಲಿ ಕಣ್ಣೇ ಕಟ್ಟಿಕೊಂಡಿರಬಹುದು. ಹೆಜ್ಜೆಗಳನ್ನು ಹುಡುಕಿದ್ದು ನಾನು ಓಡಾಡುವ ಮೊದಲೋ, ಆಮೇಲೋ? ವರ್ಷಗಳು ಕಳೆದಂತೆ ಅದೂ ಖಚಿತವಿಲ್ಲ. ಒಂದೊಂದಕ್ಕೂ ಒಂದೊಂದು ವಿವರಣೆ ಕೊಡಬಲ್ಲೆ. ಎಲ್ಲವನ್ನೂ ಸೇರಿಸಿ ಒಂದೇ ಸಲ ಹೇಳಲು ಹೋದರೆ ನಾಲಿಗೆ ತೊಡರುತ್ತದೆ.

ಅಪ್ಪನಿಗೆ ಮಾತ್ರ ಯಾವ ತೊಡಕೂ ಇರಲಿಲ್ಲ. "ಕ್ಲಬ್ಬಿಗೆ ಕರ್ಕೊಂಡೋಗು. ನಾನ್ ನೋಡಿದ್ದೀನಿ, ನಾನ್ ಹೇಳ್ತೀನಿ" ಎಂದು ಹಟ ಹಿಡಿದ. ನಾನು ಒಪ್ಪಲಿಲ್ಲ. ಮನೆಯಲ್ಲಿ ಕೂತವನು ನೋಡಿದೆ ಎಂದರೆ ಜನ ನಗುತ್ತಾರೆ, ಇಷ್ಟು ವರ್ಷದ ಅವನ ಮಾತಿನ ತೂಕ ಒಂದೇ ದಿನಕ್ಕೆ ಹೋಗುತ್ತದೆ ಎಂಬ ಹೆದರಿಕೆ ನನಗೆ. ಅವನು ನನ್ನನ್ನೇ ನೋಡಿದ. "ನಾನ್ ಯಾವತ್ತಾದ್ರೂ ಬೀಳದೆ ಇರೋದ್ನ ಬಿತ್ತು ಅಂದಿದ್ದೀನಾ?"

ಇಲ್ಲ ಎಂದೆ. ಬೇರೆ ಏನು ಹೇಳಲಿ?

ಮುಂದಿನ ಭಾನುವಾರ ಆಟೋದಲ್ಲಿ ಕೂರಿಸಿಕೊಂಡು ಹೋದೆ. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಬಿಳಿ ಟವಲ್ಲು. ಆಟೋದಿಂದ ವರಾಂಡದವರೆಗೆ ನನ್ನ ಹೆಗಲು ಹಿಡಿದು ಬಂದ. ಮೆಟ್ಟಿಲ ಹತ್ತಿರ ಹೆಗಲು ಬಿಟ್ಟು, ಕಂಬ ಹಿಡಿದು ತಾನೇ ಹತ್ತಿದ. ಸಮಿತಿಯ ಹಿರಿಯ ಕರ್ನಲ್ ಸಾಹೇಬರು ಎದ್ದು ನಿಂತರು. ಏಳನೆಯ ಹೋಲ್‌ನ ಸಂಗತಿ ಅವರಿಗೆ ಹೇಳಿದೆ.

"ಕ್ಯಾ ಮುನಿ, ನೀನು ನೋಡಿದ್ಯಾ?"

"ನೋಡ್ದೆ ಸಾರ್. ಎಡಗಡೆ ಬಿದ್ದು ತಿರಿಕ್ಕೊಂಡ್ ಹೋಯ್ತು."

ಎಲ್ಲಿ ನಿಂತು ನೋಡಿದೆ ಎಂಬ ಪ್ರಶ್ನೆಗಾಗಿ ನಾನು ಕಾದೆ. ಸೊಂಟ ಮುರಿದ ವಿಷಯ ಅವರಿಗೆ ಗೊತ್ತಿತ್ತು, ಅಪ್ಪ ಮೆಟ್ಟಿಲು ಹತ್ತಿದ್ದನ್ನು ಅವರೇ ನೋಡಿದ್ದರು. ಅವರು ಬೋರ್ಡ್ ಬರೆಯುವವನಿಗೆ ಹೇಳಿ ಕಳಿಸಲು ತಿಳಿಸಿ, "ಸ್ವೀಟ್ ಕಿದರ್?" ಎಂದು ನನ್ನ ಕಡೆ ತಿರುಗಿದರು. ಅಪ್ಪ ಟವಲ್ಲನ್ನು ಬಿಚ್ಚಿ ಹೆಗಲಿಗೆ ಎಸೆದುಕೊಂಡ.

ಹೆಸರು ಹಲಗೆ ಏರಿದ ಮೇಲೆ ಇನ್ನೊಮ್ಮೆ ಕರೆದುಕೊಂಡು ಹೋಗಿ ತೋರಿಸಿದೆ. ಇನಿಷಿಯಲ್ ಮೇಲೆ ಬೆರಳಿಟ್ಟು ನಿಂತಿದ್ದ. ಮರುವರ್ಷವೇ ತೀರಿಹೋದ.

ಹೊಸ ಸದಸ್ಯರು ಕೆಲವೊಮ್ಮೆ ಹಲಗೆಯ ಮೇಲೆ ನನ್ನ ಹೆಸರು ಕಂಡು, ಅಂದು ಯಾರು ನೋಡಿದರು ಎಂದು ಕೇಳುತ್ತಾರೆ. ನಮ್ಮಪ್ಪ ಎನ್ನುತ್ತೇನೆ. ಎಲ್ಲಿ ನಿಂತು ಎಂದು ಇದುವರೆಗೆ ಯಾರೂ ಕೇಳಿಲ್ಲ.